ತಪ್ಪು ಗುಂಪಿನಲ್ಲಿ ಬಿದ್ದವಳು

ಯಾವತಹಾಮಾ
ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ
ಡಿಸೆಂಬರ್ ೯

ಪ್ರೀತಿಯ ತೊಮೊಯೆ,

ಗುಡ್ಡದ ಮೇಲೆ ಕಿತ್ತಳೆ ಕೊಯ್ಲು ಮುಗಿಯುತ್ತ ಬಂದಿರಬೇಕು. ಇಲ್ಲಿಂದ ಬಂದರು ಕಾಣುತ್ತದೆ, ಬೆಪ್ಪುವಿಗೆ ಹೋಗುವ ಹಡಗು ಕಾಣುತ್ತದೆ, ನಮ್ಮ ಕೇರಿಯ ಮೆಟ್ಟಿಲು ಮಾತ್ರ ಕಾಣುವುದಿಲ್ಲ. ಈ ಚಳಿಯಲ್ಲಿ ನೀನು ಬೆಚ್ಚಗಿದ್ದೀ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ಎಂದು ಬರೆಯಬೇಕೆಂದಿದ್ದೆ. ನಿನ್ನ ಕಾಗದ ಓದಿದ ಮೇಲೆ ಹಾಗೆ ಬರೆಯಲು ಕೈ ಬರಲಿಲ್ಲ.

ಒಂದೇ ಊರಿನಲ್ಲಿದ್ದುಕೊಂಡು ಅಂಚೆಗೆ ಹಾಕಿದ್ದೀಯಲ್ಲ. ನನಗೆ ಮುಖ ತೋರಿಸಲು ಆಗುವುದಿಲ್ಲ ಎಂದಿದ್ದೀ. ತರಬೇತಿಯ ಚೀಟಿ ನನಗೆ ಬಿದ್ದಿದ್ದರೆ ನನ್ನ ಸೊಂಟ ಮುರಿಯುತ್ತಿರಲಿಲ್ಲ, ನನ್ನ ಪಾಲಿನ ಕಾಲನ್ನು ನೀನು ಕಿತ್ತುಕೊಂಡ ಹಾಗಾಯಿತು ಎಂದಿದ್ದೀ. ಕಸರತ್ತು ನಿಲ್ಲಿಸಿಬಿಟ್ಟೆ, ಡಾಕ್ಟರ್ ಕಿಕುಚಿಯವರ ಅಧ್ಯಯನದಿಂದಲೂ ಹೆಸರು ತೆಗೆಸುತ್ತೇನೆ ಎಂದಿದ್ದೀ. ಓದಿ ಮುಗಿಸಿ ಕಾಗದವನ್ನು ದಿಂಬಿನ ಕೆಳಗೆ ಇಟ್ಟೆ. ಊಟದ ತಟ್ಟೆ ಬಂತು, ತಿನ್ನಲಾಗಲಿಲ್ಲ. ಸಕ್ಕರೆ ನೋಡಲು ಬಂದ ನರ್ಸ್ ಬೈದಳು.

ಎದುರಿಗೆ ಕೂತು ಹೇಳಿದರೆ ನೀನು ಅಳುತ್ತೀ, ನಾನು ಮಾತು ತಿರುಗಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ತೊಮೊಯೆ, ನಾನು ಬಿದ್ದ ದಿನ ಕಸದ ಚೀಲ ಹಾಕಲು ಹೋಗುತ್ತಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ, ತಾಳ್ಮೆಯಿಂದ ಓದು. ಬೇಸಿಗೆಯ ಮುಂಚೆ ಕಿಕುಚಿಯವರು ಕೇರಿಯ ಸಭಾಮನೆಗೆ ಬಂದು, ಸಕ್ಕರೆ ಕಾಯಿಲೆಯಿರುವ ನಮ್ಮಂಥ ಮುದುಕ ಮುದುಕಿಯರನ್ನೆಲ್ಲ ಕೂರಿಸಿ ಮಾತಾಡಿದ್ದು ನಿನಗೆ ನೆನಪಿದೆ. ಈ ಕಾಯಿಲೆ ವಯಸ್ಸಾದವರ ಕಾಲಿನ ಮಾಂಸವನ್ನು ಸದ್ದಿಲ್ಲದೆ ತಿನ್ನುತ್ತದೆ, ಆಮೇಲೆ ಒಮ್ಮೆ ಬಿದ್ದರೆ ಸಾಕು, ಮನುಷ್ಯ ಹಾಸಿಗೆಗೆ ಅಂಟಿಕೊಳ್ಳುತ್ತಾನೆ ಎಂದರು. ಕಾಲಿಗೆ ಕಸರತ್ತು ಕೊಟ್ಟರೆ ಅದನ್ನು ತಡೆಯಬಹುದೋ ಇಲ್ಲವೋ ಯಾರಿಗೂ ಖಚಿತವಾಗಿ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಲು ನೀವು ಬೇಕು ಎಂದರು. ಅರ್ಧ ಜನಕ್ಕೆ ತರಬೇತಿ, ಇನ್ನರ್ಧ ಜನಕ್ಕೆ ಎಂದಿನ ಮಾತ್ರೆ, ಎಂದಿನ ತಪಾಸಣೆ. ಯಾರು ಯಾವ ಕಡೆ ಎಂದು ಕಂಪ್ಯೂಟರೇ ಚೀಟಿ ಎತ್ತುತ್ತದೆ. ತರಬೇತಿಗೆ ಹೋಗುವವರು ವರ್ಷ ಮುಗಿಯುವವರೆಗೆ ಉಳಿದವರಿಗೆ ಕಲಿಸಬಾರದು, ಉಳಿದವರು ತಾವಾಗಿ ಹೊಸದೇನನ್ನೂ ಶುರು ಮಾಡಬಾರದು. ಇಬ್ಬರೂ ತಲೆಯಾಡಿಸಿದೆವು.

ತರಬೇತಿ ನಿನಗೆ ಬಂತು. ನಾನು ಎಲ್ಲರ ಮುಂದೆ, "ಡಾಕ್ಟ್ರೇ, ನನ್ನ ಗುಂಪಿನ ಕೆಲಸ ಸುಲಭ ಬಿಡಿ. ಮನೇಲಿ ಕೂತು ಇನ್ನಷ್ಟು ಮುದುಕಿಯಾಗೋದು ತಾನೆ, ಚೆನ್ನಾಗಿ ಬರುತ್ತೆ ನಂಗೆ" ಎಂದು ನಗಿಸಿದೆ. ನಗಿಸಿ ಮನೆಗೆ ಬಂದು ಬಾಗಿಲು ಹಾಕಿಕೊಂಡವಳಿಗೆ ಎಷ್ಟು ಉರಿಯಿತು ಗೊತ್ತೇ? ಮದುವೆಯಾಗಿ ಈ ಕೇರಿಗೆ ಬಂದಾಗಿನಿಂದ ಮೆಟ್ಟಿಲಿನಲ್ಲಿ ಮುಂದೆ ಹತ್ತುವವಳು ನಾನು, ಹಿಂದಿನಿಂದ "ಸ್ವಲ್ಪ ನಿಲ್ಲೇ" ಅನ್ನುವವಳು ನೀನು. ಊರವರೆಲ್ಲ ಬರುವ ಸ್ನಾನದ ಮನೆ ನಡೆಸುತ್ತಿದ್ದಾಗ ಸೌದೆ ಹೊತ್ತು ಹತ್ತಿದವಳು ನಾನು. ಹಾಗಿರಬೇಕೆಂದೇ ದೇವರು ಬರೆದಿದ್ದಾನೆ ಎಂದುಕೊಂಡಿದ್ದೆ.

ಬೇಸಿಗೆ ಕಳೆಯುವಷ್ಟರಲ್ಲಿ ನೀನು ಮೆಟ್ಟಿಲಿನ ತಿರುವಿನ ಕಲ್ಲಿನ ಮೇಲೆ ದಣಿವಾರಿಸಲು ಕೂರುವುದನ್ನು ಬಿಟ್ಟೆ. ನನ್ನ ಬಾಗಿಲಿಗೆ ಬಂದು ಏದುಸಿರಿಲ್ಲದೆ ಮಾತಾಡಿದೆ. ಏನು ಕಲಿಸುತ್ತಾರೆ ಅಲ್ಲಿ ಎಂದು ಕೇಳಿದೆ. ನೀನು ಮುಖ ತಗ್ಗಿಸಿ, "ಹೇಳಬಾರದು ಅಂತ ಮಾತು ಕೊಟ್ಟಿದೀನಲ್ಲೇ ಕಿನುಯೊ" ಎಂದೆ. ನಾನು ಬಿಡಲಿಲ್ಲ. ನಿನ್ನ ಮೈಮೇಲಿನ ಮಚ್ಚೆ ಎಲ್ಲೆಲ್ಲಿದೆ ಅಂತ ನಿನ್ನ ಗಂಡನಿಗಿಂತ ಚೆನ್ನಾಗಿ ಬಲ್ಲವಳು ನಾನು, ನನ್ನ ಹತ್ತಿರ ಎಂಥ ಗುಟ್ಟು ಎಂದು ಹಂಗಿಸಿದೆ. ನೀನು ನಕ್ಕೆ, ಹೇಳಲಿಲ್ಲ. ಮಾರನೆಯ ದಿನ ಬಿಸಿ ಬಿಸಿ ಜಾಕೊತೆನ್ ಮೀನಿನ ವಡೆ ಕರಿದು ತಂದಾಗ ಹೊಟ್ಟೆ ಸರಿಯಿಲ್ಲ ಎಂದು ವಾಪಸು ಕಳಿಸಿದೆ. ಹೊಟ್ಟೆ ಸರಿಯಾಗಿಯೇ ಇತ್ತು. ನೀನು ಮೆಟ್ಟಿಲಿಳಿದು ಹೋಗುವಾಗ ಆ ಮೀನಿನ ವಾಸನೆಗೆ ಬಾಯಲ್ಲಿ ನೀರೂರಿತು.

ನನ್ನ ಅಡುಗೆಮನೆಯ ಕಿಟಕಿಗೆ ನಿನ್ನ ಜಗಲಿ ಕಾಣುತ್ತದೆ. ಒಂದು ಬೆಳಿಗ್ಗೆ ಅನ್ನಕ್ಕಿಡುವಾಗ ನೋಡಿದೆ. ನಿನ್ನ ತಲೆ, ಹೆಗಲು, ಮೇಲೆ ಹೋಗುತ್ತಿದೆ, ಕೆಳಗೆ ಬರುತ್ತಿದೆ. ಹಿಮ್ಮಡಿ ಎತ್ತಿ ನಿಲ್ಲುವುದು, ನಿಧಾನವಾಗಿ ಇಳಿಸುವುದು. ಆಮೇಲೆ ಕೂತು ಏಳುವುದು. ನಾನು ಆಯಸ್ಸೆಲ್ಲ ಸ್ನಾನದ ಮನೆಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಊರಿನ ಕಾಲುಗಳನ್ನೇ ನೋಡಿದವಳು. ಯಾವ ಸೊಂಟ ಯಾವಾಗ ಕುಸಿಯುತ್ತದೆ ಎಂದು ಹೇಳಬಲ್ಲೆ ಎಂಬ ಜಂಬ ನನಗೆ. ಇಷ್ಟೇ ತಾನೆ ಅನಿಸಿತು. ಮರುದಿನದಿಂದ ಶುರು ಮಾಡಿದೆ.

ತಪಾಸಣೆಗೆ ಹೋದಾಗಲೆಲ್ಲ ಕಿಕುಚಿಯವರು ಕೇಳುತ್ತಿದ್ದರು, ದಿನಚರಿಯಲ್ಲಿ ಏನಾದರೂ ಬದಲಾವಣೆ ಇದೆಯೇ ಎಂದು. ಇಲ್ಲವೆನ್ನುತ್ತಿದ್ದೆ. ಕುರ್ಚಿಯಿಂದ ಎದ್ದು ತೋರಿಸಿ ಎಂದಾಗ ಸಲೀಸಾಗಿ ಎದ್ದೆ. ಅವರು ಆಶ್ಚರ್ಯಪಟ್ಟು ಇನ್ನೊಮ್ಮೆ ಮಾಡಿಸಿದರು, ತಲೆ ಕೆರೆದುಕೊಂಡು ಬರೆದುಕೊಂಡರು. ಆ ಹುಡುಗ ಡಾಕ್ಟರ ಮುಖದ ಗೊಂದಲ ನೋಡಿ ನನಗೆ ಖುಷಿಯಾಯಿತು. ಅವರ ಕೆಲಸ ಕೆಡುತ್ತಿದೆ ಎಂದು ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದು ಬರೆದದ್ದೂ ಸುಳ್ಳು. ಹೊಳೆದಿತ್ತು, ಒಬ್ಬಳಿಂದ ಏನಾಗುತ್ತದೆ ಎಂದುಕೊಂಡೆ.

ಮೇಲಿನಿಂದ ನೋಡುವವಳಿಗೆ ಎಲ್ಲವೂ ಕಾಣುವುದಿಲ್ಲ. ನೀನು ಕುರ್ಚಿಯ ಬೆನ್ನನ್ನು ಹಿಡಿದು ಮಾಡುತ್ತಿದ್ದೀ ಎಂದು ನನಗೆ ಕಾಣಲಿಲ್ಲ, ಅದು ಸೂರಿನ ಮರೆಯಲ್ಲಿತ್ತು. ಅದಕ್ಕೂ ಮುಂಚೆ ಒಳಗೆ ಬಾಳೆಹಣ್ಣೋ ಬ್ರೆಡ್ಡೋ ತಿಂದು ಬರುತ್ತಿದ್ದೀ ಎಂದೂ ಗೊತ್ತಿರಲಿಲ್ಲ. ಸಕ್ಕರೆ ಇಳಿಸುವ ಮಾತ್ರೆ ನುಂಗಿದವರು ಬರೀ ಹೊಟ್ಟೆಯಲ್ಲಿ ಕಸರತ್ತು ಮಾಡಬಾರದು ಎಂದು ನಿಮಗೆ ಮೊದಲ ದಿನವೇ ಹೇಳಿದ್ದರಂತೆ. ಇದನ್ನು ಇಲ್ಲಿ ಮಲಗಿದ ಮೇಲೆ ತಿಳಿದೆ. ನಾನು ಮಾತ್ರೆ ನುಂಗಿ, ಅನ್ನ ಬೇಯುವಷ್ಟರಲ್ಲಿ ಮುಗಿಸೋಣವೆಂದು ಹಿತ್ತಿಲ ಬಾಗಿಲಿಗೆ ಹೋಗುತ್ತಿದ್ದೆ. ನೆಲದ ಮೇಲೆ ಸುಲಭವಾಯಿತು ಅನ್ನಿಸಿದ ಮೇಲೆ ಕಲ್ಲು ಮೆಟ್ಟಿಲಿನ ಅಂಚಿಗೆ ನಿಂತೆ. ನಿನಗಿಂತ ಒಂದು ಕೈ ಮೇಲಿರಬೇಕಲ್ಲ.

ಆ ಬೆಳಿಗ್ಗೆ ಮೈ ಬೆವರಿತು, ತಣ್ಣನೆಯ ಬೆವರು. ಇನ್ನೆರಡು ಸಲ ಎಂದುಕೊಂಡೆ. ಮುಂದಿನದು ಬಿದ್ದ ಸದ್ದು, ನನ್ನದೇ ಕೂಗು, ಅದು ನನ್ನ ದನಿಯೇ ಎಂಬ ಬೆರಗು.

ನೀನು ಬಂದೆ. ಕೆಳಗಿನಿಂದ ಮೇಲಿನವರೆಗೆ ಎಲ್ಲೂ ನಿಲ್ಲದೆ ಓಡಿ ಬಂದೆ, ತೊಮೊಯೆ. ನನ್ನ ಮುಖ ನೋಡಿದ ಕೂಡಲೇ ಅಡುಗೆಮನೆಗೆ ನುಗ್ಗಿ ಸಕ್ಕರೆ ತಂದು ನಾಲಿಗೆಗೆ ಒತ್ತಿದೆ. ತರಬೇತಿಯಲ್ಲಿ ಅದನ್ನೂ ಕಲಿಸಿದ್ದರೆಂದು ಕಾಣುತ್ತದೆ. ಇನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದರೆ ಪ್ರಜ್ಞೆ ಮರಳುತ್ತಿರಲಿಲ್ಲ ಎಂದು ಇಲ್ಲಿಯ ಡಾಕ್ಟರು ಹೇಳಿದರು. ನನ್ನ ಕಾಲನ್ನು ಕಿತ್ತುಕೊಂಡೆ ಎಂದು ಬರೆದಿದ್ದೀಯಲ್ಲ, ಆ ಕಾಲಿನಿಂದಲೇ ನಾನು ಬದುಕಿದ್ದೇನೆ. ನೀನು ಸಾವಕಾಶವಾಗಿ, ತಿರುವಿನಲ್ಲಿ ಕೂತು, ಉಸಿರು ತೆಗೆದುಕೊಂಡು ಬರುವ ಹಳೆಯ ತೊಮೊಯೆಯೇ ಆಗಿದ್ದರೆ ಈ ಕಾಗದ ಬರೆಯುವವರು ಯಾರು?

ಬಾಯಿಗೆ ಮಾತು ಬಂದ ತಕ್ಷಣ ಆಡಿದ್ದು ಸುಳ್ಳು. ಕಸದ ಚೀಲ, ಜಾರಿತು, ಎಂದೆ. ನೀನು ನಂಬಿದೆ. ಆಂಬುಲೆನ್ಸಿನವರು ನಂಬಿದರು.

ಆಪರೇಷನ್ ಆದ ಮೇಲೆ ಕಿಕುಚಿಯವರು ಬಂದರು. ಹಾಸಿಗೆಯ ಪಕ್ಕ ನಿಂತು ತಲೆಬಾಗಿಸಿದರು, ಎಷ್ಟೋ ಹೊತ್ತು ಮೇಲೆತ್ತಲಿಲ್ಲ. "ಚೀಟಿ ಆ ಕಡೆ ಬಿದ್ದಿದ್ರೆ ನಿಮಗೆ ಹೀಗಾಗ್ತಿರಲಿಲ್ಲವೇನೋ. ನನಗೆ ಗೊತ್ತಿರಲಿಲ್ಲ ಕಿನುಯೊ ಅವರೇ. ಗೊತ್ತಿಲ್ಲದ್ದಕ್ಕೇ ಇದನ್ನ ಮಾಡ್ತಿರೋದು. ಆದರೂ ಕ್ಷಮಿಸಿ" ಎಂದರು. ನಾನು ಬಿದ್ದದ್ದು ವ್ಯರ್ಥವಾಗುವುದಿಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ, ಮುಂದೆ ಬೇರೆ ಊರುಗಳ ಹಿರಿಯರಿಗೆ ಅದರಿಂದ ಉಪಯೋಗವಾಗುತ್ತದೆ ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡೆ. ಬಾಗಿಲು ಎಳೆದ ಸದ್ದು ಕೇಳಿದ ಮೇಲೂ ತೆರೆಯಲಿಲ್ಲ.

ಯೋಚಿಸಿ ನೋಡು. ಕಸರತ್ತು ಮಾಡದವರ ಗುಂಪಿನಲ್ಲಿ ಒಬ್ಬಳು ಬಿದ್ದಳು ಎಂದು ಬರೆಯುತ್ತಾರೆ. ಬಿದ್ದವಳು ಕಸರತ್ತು ಮಾಡುತ್ತಲೇ ಬಿದ್ದವಳು. ನಾನು ಅವರಿಗೆ ಕೊಟ್ಟದ್ದೆಲ್ಲ ಕಲಬೆರಕೆ. ಅದನ್ನು ನಂಬಿ ನಾಳೆ ಇನ್ನೊಂದು ಊರಿನ ಇನ್ನೊಬ್ಬ ಡಾಕ್ಟರು ಇನ್ನೊಬ್ಬ ಮುದುಕಿಗೆ ಮನೆಯಲ್ಲೇ ಮಾಡಿಕೊಳ್ಳಿ ಎನ್ನುತ್ತಾರೆ, ಆಕೆಯೂ ಬರೀ ಹೊಟ್ಟೆಯಲ್ಲಿ ಕಲ್ಲಿನ ಅಂಚಿಗೆ ನಿಲ್ಲುತ್ತಾಳೆ. ಅವಳ ಮುಖ ನನಗೆ ಗೊತ್ತಿಲ್ಲ, ಆದರೂ ನೀರು ಕುಡಿಯುವಾಗ, ವಾಕರ್ ಹಿಡಿದು ನಡೆಯುವಾಗ, ಅವಳೇ ಎದುರಿಗೆ ನಿಂತ ಹಾಗಾಗುತ್ತದೆ.

ಹಾಗಿದ್ದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀ. ನಾಚಿಕೆ ಒಂದು. ಇನ್ನೊಂದನ್ನು ಬರೆಯಲು ಪೆನ್ನು ಹಿಂಜರಿಯುತ್ತಿದೆ. ನೀನು ದಿನಾ ಬಂದು ಕಿತ್ತಳೆ ಸುಲಿದು ತೊಳೆ ಬಿಡಿಸಿ ಕೊಡುತ್ತಿದ್ದೆ. ಕಾಲು ಒತ್ತುತ್ತಿದ್ದೆ. ತಪ್ಪಾಯಿತು ತಪ್ಪಾಯಿತು ಎನ್ನುತ್ತಿದ್ದೆ. ಜೀವಮಾನವೆಲ್ಲ ಗಟ್ಟಿಗಿತ್ತಿ ಅನ್ನಿಸಿಕೊಂಡವಳಿಗೆ ಯಾರೂ ಹಾಗೆ ಮಾಡಿರಲಿಲ್ಲ, ನನ್ನ ಗಂಡನೂ. ಹಿತವಾಗಿತ್ತು. ನಿಜ ಹೇಳಿದರೆ ಅದು ನಿಲ್ಲುತ್ತದೆ ಎಂದು ನಾಳೆ ಹೇಳೋಣ, ನಾಳಿದ್ದು ಹೇಳೋಣ ಎಂದು ಮುಂದೂಡಿದೆ. ನೀನು ಒಳಗೊಳಗೇ ಸವೆಯುತ್ತಿದ್ದೆ, ನಾನು ಹಣ್ಣು ತಿನ್ನುತ್ತಿದ್ದೆ. ಆಮೇಲೆ ನೀನು ಬರುವುದನ್ನೇ ನಿಲ್ಲಿಸಿದೆ. ಆಗಲೂ ನನಗೆ ನಿನ್ನ ಮೇಲೆ ಕೋಪವೇ ಬಂತು.

ಈಗ ನನ್ನ ಮೇಲೆ ಕೋಪ ಮಾಡಿಕೋ. ಮಾತು ಬಿಡು. ಹೊಸ ವರ್ಷಕ್ಕೆ ಶುಭಾಶಯವನ್ನೂ ಕಳಿಸಬೇಡ. ಆದರೆ ಗುರುವಾರದ ತರಬೇತಿಗೆ ಹೋಗು. ನನ್ನ ಹೆಸರಿನಲ್ಲಿ ನಿನ್ನ ಕಾಲನ್ನು ಸೊರಗಿಸಬೇಡ, ಆ ಪಾಪವೂ ನನಗೇ ಬರುತ್ತದೆ. ಕಿಕುಚಿಯವರಿಗೆ ನಾನೇ ಹೇಳುತ್ತೇನೆ. ಇವತ್ತು ಮಧ್ಯಾಹ್ನ ಬರುತ್ತಾರಂತೆ. ಹೇಳಿದ ಮೇಲೆಯೇ ಇದನ್ನು ಅಂಚೆಗೆ ಕೊಡಬೇಕೆಂದಿದ್ದೇನೆ. ಇಲ್ಲದಿದ್ದರೆ ನಿನಗೆ ಬರೆದುಬಿಟ್ಟೆನಲ್ಲ, ಸಾಕು ಎಂದು ಸಮಾಧಾನ ಮಾಡಿಕೊಳ್ಳುವ ಜಾತಿ ನಾನು.

ನಿನ್ನನ್ನು ಹಿಂದೆ ಬಿಟ್ಟು ಮುಂದೆ ಹತ್ತಿದವಳು,
ಕಿನುಯೊ

ಆಮೇಲೆ ಸೇರಿಸಿದ್ದು: ಡಾಕ್ಟರು ಬಂದು ಹೋದರು. ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಯಾವ ತಿಂಗಳಿಂದ, ಹೇಗೆ, ಏನು ತಿಂದು, ಎಂದು ಒಂದೊಂದನ್ನೇ ಕೇಳಿ ಬರೆದುಕೊಂಡರು. ನಾನು ಚೀಟಿ ಬಿದ್ದ ಗುಂಪಿನಲ್ಲೇ ಇರುತ್ತೇನಂತೆ, ನಿಯಮ ಹಾಗಿದೆಯಂತೆ, ಆದರೆ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಾರಂತೆ. ಏಳುವಾಗ ಅವರ ಮುಖ ದಣಿದಿತ್ತು. ಅದನ್ನು ಮರೆಯಲಾರೆ.

ಕೊನೆಗೆ ಒಂದು ಕೇಳಿದರು: ತೊಮೊಯೆ ಅವರಿಗೆ ಇದು ಗೊತ್ತಿತ್ತೇ? ಇಲ್ಲ, ಅವಳಿಗೆ ಏನೂ ಗೊತ್ತಿಲ್ಲ ಎಂದೆ. ಅದು ನಿಜವೋ ಸುಳ್ಳೋ ನನಗೇ ತಿಳಿಯದು. ನಿನ್ನ ಜಗಲಿಯ ಬಿದಿರಿನ ಪರದೆಯನ್ನು ನೀನು ಚಳಿಗಾಲದಲ್ಲೂ ಸುತ್ತಿಟ್ಟವಳಲ್ಲ, ಮೇಲಿನ ಮನೆಯವರಿಗೆ ಕಾಣುತ್ತದೆ ಎಂದು. ಈ ವರ್ಷ ಸೆಪ್ಟೆಂಬರಿನಿಂದ ದಿನಾ ಬೆಳಿಗ್ಗೆ ಅದು ಮೇಲಕ್ಕೆ ಸುತ್ತಿರುತ್ತಿತ್ತು. ನನಗೆ ಕಾಣಲೆಂದೇ ಸುತ್ತಿದ್ದೆಯೋ ಏನೋ ಎಂದು ಇಲ್ಲಿ ಮಲಗಿ ಯೋಚಿಸುವಾಗ ಹೊಳೆಯಿತು. ನಿನ್ನನ್ನು ಇಷ್ಟು ತಿನ್ನುತ್ತಿರುವುದು ಅದೇ ಆಗಿದ್ದರೆ ಇಲ್ಲಿಗೆ ಬಿಟ್ಟುಬಿಡು, ನನಗೂ ಹೇಳಬೇಡ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಆ ಪರದೆಯನ್ನು ಇಷ್ಟು ದಿನ ಕಾಯದೆ ಸುತ್ತುತ್ತಿದ್ದೆ.