ನನ್ನ ಮಗಳ ತಲೆಯ ಚಿತ್ರ ನನಗೇ ಗೋಪ್ಯವೇ?

ನೈತಿಕ ಸಮಿತಿಯ ಅಧ್ಯಕ್ಷರೇ,

ನಿಮ್ಮ ಸಂಶೋಧನಾ ಸಂಸ್ಥೆಯ ಮುಂಬಾಗಿಲಲ್ಲಿ ಏಳಡಿ ಎತ್ತರದ ಬ್ಯಾನರಿನ ಮೇಲೆ ಮಿಂಚುತ್ತಿರುವ ಬಣ್ಣಬಣ್ಣದ ಮೆದುಳು ನನ್ನ ಮಗಳದು. ಅವಳ ಸ್ಕ್ಯಾನಿನ ಚಿತ್ರವನ್ನು ನಮಗೆ ತೋರಿಸಿ, ಅರ್ಥ ಹೇಳಿ ಎಂದು ಎಂಟು ತಿಂಗಳಲ್ಲಿ ನಾಲ್ಕು ಪತ್ರ ಬರೆದೆ. ನಾಲ್ಕಕ್ಕೂ ಬಂದದ್ದು ಒಂದೇ ಉತ್ತರ: 'ಸದರಿ ಚಿತ್ರಗಳು ಸಂಶೋಧನಾ ದತ್ತಾಂಶವಾಗಿದ್ದು, ಗೋಪ್ಯತೆಯ ಹಿತದೃಷ್ಟಿಯಿಂದ ಒದಗಿಸಲು ಅವಕಾಶವಿರುವುದಿಲ್ಲ.' ಯಾರ ಗೋಪ್ಯತೆ ಸ್ವಾಮಿ? ನನ್ನ ಮಗಳ ಗುಟ್ಟನ್ನು ನನ್ನಿಂದಲೇ ಕಾಪಾಡುತ್ತಿದ್ದೀರಾ? ಅಬ್ಬಾ, ಎಂಥ ಕಾಳಜಿ! ಗುಟ್ಟಾಗಿ ಬರೆದದ್ದು ನಿಮಗೆ ಮುಟ್ಟಲಿಲ್ಲವಾದ್ದರಿಂದ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ಮಗಳ ಹೆಸರು ಧನ್ಯಶ್ರೀ, ಏಳು ವರ್ಷ. ನಿಮ್ಮ ಕಡತದಲ್ಲಿ ಅವಳು ೦೧೧. ಹುಟ್ಟಿನಿಂದಲೇ ಒಂದು ಜೀನ್ ಕೆಟ್ಟಿದ್ದರಿಂದ ಕತ್ತು ನಿಲ್ಲಲಿಲ್ಲ, ಕೈಕಾಲು ಹಿಡಿತಕ್ಕೆ ಬರಲಿಲ್ಲ. ಕಣ್ಣಲ್ಲೇ ಮಾತಾಡುವ ಹುಡುಗಿ. ನಿಮ್ಮ ವೈದ್ಯರು ನನಗೂ ನನ್ನ ಹೆಂಡತಿ ಅನುಪಮಾಳಿಗೂ ಚಿಕಿತ್ಸೆಯನ್ನು ವಿವರಿಸಿದ್ದು ಹೀಗೆ: ರೋಗ ತರುವ ಶಕ್ತಿ ತೆಗೆದ ವೈರಸ್ಸಿನೊಳಗೆ ಸರಿಯಾದ ಜೀನ್ ತುಂಬುತ್ತಾರೆ; ತಲೆಬುರುಡೆಯಲ್ಲಿ ಎರಡು ರಂಧ್ರ ಮಾಡಿ, ಸಣ್ಣ ಕೊಳವೆಯಿಂದ ಅದನ್ನು ಮೆದುಳಿನ ಎರಡೂ ಪಕ್ಕಕ್ಕೆ ಬಿಡುತ್ತಾರೆ. ವರ್ಷದ ಮೇಲೆ ಸ್ಕ್ಯಾನ್ ಮಾಡಿದರೆ, ವೈರಸ್ ಎಲ್ಲಿಯವರೆಗೆ ಹರಡಿ ಜೀನನ್ನು ತಲುಪಿಸಿದೆಯೋ ಅಷ್ಟು ಜಾಗ ಬಣ್ಣವಾಗಿ ಕಾಣುತ್ತದೆ. ಇನ್ನೊಂದು ಮಾತನ್ನೂ ಹೇಳಿದರು: ಇದನ್ನು ಕೊಡಲು ಆಗುವುದು ಒಂದೇ ಸಲ. ಎರಡನೆಯ ಸಲ ಕೊಟ್ಟರೆ ಮೈ ಆ ವೈರಸ್ಸನ್ನು ಗುರುತು ಹಿಡಿದು ಕೊಂದುಹಾಕುತ್ತದೆ. ಮೂವತ್ತೆಂಟು ಪುಟದ ಇಂಗ್ಲಿಷ್ ಒಪ್ಪಿಗೆ ಪತ್ರಕ್ಕೆ ಹನ್ನೊಂದು ಕಡೆ ಸಹಿ ಹಾಕಿದೆ. ಸಹಿ ಹಾಕುವಾಗ ನಾನು ತಂದೆ. ಚಿತ್ರ ಕೇಳುವಾಗ ಯಾರೋ ದಾರಿಹೋಕ. ನಿಮ್ಮ ಸಮಿತಿಯ ಹೆಸರಿನಲ್ಲಿ 'ನೈತಿಕ' ಎಂಬ ಪದವನ್ನು ಯಾರು ಸೇರಿಸಿದರೋ, ಅವರಿಗೆ ತಮಾಷೆಯ ಸ್ವಭಾವವಿದ್ದಿರಬೇಕು.

ಶಸ್ತ್ರಚಿಕಿತ್ಸೆಯ ದಿನ ವೈದ್ಯರೊಬ್ಬರು ಹೊರಬಂದು, "ಔಷಧಿ ಪೂರ್ತಿ ಹೋಗಿದೆ, ಸಿರಿಂಜ್ ಖಾಲಿ, ಇನ್ನು ಸಂತೋಷವಾಗಿರಿ" ಎಂದರು. ನಾನೂ ಸಂತೋಷವಾಗಿಬಿಟ್ಟೆ. ಬೇರೆ ಯಾರಾದರೂ ಈ ದಡ್ಡತನ ಮಾಡಿದ್ದರೆ ಕ್ಷಮಿಸಬಹುದಿತ್ತು. ತೆಂಗು ಬೆಳೆಯುವ ನಾನು ಮಾಡಬಾರದಿತ್ತು.

ಯಾಕೆಂದು ಹೇಳುತ್ತೇನೆ. ನಮ್ಮ ಮಾಯಸಂದ್ರದ ಕಡೆ ತೆಂಗಿಗೆ ಕಪ್ಪುತಲೆ ಹುಳು ಬಿದ್ದರೆ ಬೇರಿಗೆ ಔಷಧಿ ಕಟ್ಟುತ್ತೇವೆ. ಬುಡದ ಮಣ್ಣು ಬಿಡಿಸಿ, ಪೆನ್ಸಿಲ್ ದಪ್ಪದ ಎಳೆ ಬೇರು ಹುಡುಕಿ, ತುದಿಯನ್ನು ಓರೆಯಾಗಿ ಕತ್ತರಿಸಿ, ಔಷಧಿ ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ ದಾರ ಬಿಗಿಯುವುದು. ಮರ ಅದನ್ನು ಕುಡಿದು ಗರಿಗಳಿಗೆ ಏರಿಸಿಕೊಳ್ಳುತ್ತದೆ. ಮೊದಲ ವರ್ಷ ಇಪ್ಪತ್ತು ಮರಕ್ಕೆ ನಾನೇ ಕಟ್ಟಿ, ಮಾರನೆಯ ದಿನ ಎಲ್ಲ ಚೀಲವೂ ಖಾಲಿಯಾದದ್ದು ಕಂಡು ಬೀಗಿದ್ದೆ. ಎರಡು ತಿಂಗಳಲ್ಲಿ ಆರು ಮರದ ಗರಿಗಳು ಸುಟ್ಟಂತೆ ಒಣಗಿದವು. ನನ್ನ ಚಿಕ್ಕಪ್ಪ ಚಿಕ್ಕರಂಗಯ್ಯ ಬುಡ ಕೆದಕಿ ಒಂದು ಚೀಲ ಎತ್ತಿ ಹಿಡಿದ. ತಳದಲ್ಲಿ ಸೂಜಿಮೊನೆಯಷ್ಟು ತೂತು. "ಚೀಲ ಖಾಲಿ ಆಯ್ತು ಅಂತ ಕುಣಿದ್ಯಲ್ಲೋ! ಮರ ಕುಡೀತೋ ಮಣ್ಣು ಕುಡೀತೋ ನೋಡ್ದೇನ್ಲಾ?" ಎಂದು ಆಳುಗಳ ಮುಂದೆಯೇ ಉಗಿದ. ಅಂದಿನಿಂದ ಪ್ರತಿ ಚೀಲಕ್ಕೂ ಮೊದಲು ಬರೀ ನೀರು ತುಂಬಿ, ಸೋರುತ್ತದೆಯೇ ನೋಡಿಯೇ ಕಟ್ಟುತ್ತೇನೆ. ಮರದ ವಿಷಯದಲ್ಲಿ ಇಷ್ಟು ಎಚ್ಚರ ಇದ್ದವನು ಮಗಳ ವಿಷಯದಲ್ಲಿ ಖಾಲಿ ಸಿರಿಂಜ್ ಎಂದ ಕೂಡಲೇ ಕೈಮುಗಿದೆ.

ಅಷ್ಟೇ ಆಗಿದ್ದರೆ ನನ್ನ ಪಾಡು ನನಗೆ ಎಂದು ಸುಮ್ಮನಿರುತ್ತಿದ್ದೆ. ಅವತ್ತೇ ಆಸ್ಪತ್ರೆಯ ಕಾರಿಡಾರಿನಲ್ಲೇ ನಿಂತು ತಿಪಟೂರಿನ ಮುನಾಫ್‌ಗೆ ಫೋನ್ ಮಾಡಿದೆ. ಮುನಾಫ್ ಪಂಪ್ ಮೋಟಾರ್ ರಿಪೇರಿ ಮಾಡುವವನು. ಅವನ ನಾಲ್ಕು ವರ್ಷದ ಮಗಳು ಯಾಸ್ಮಿನ್‌ಗೂ ಇದೇ ಕಾಯಿಲೆ. ನಿಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ಬೆಳೆದ ಸ್ನೇಹ ನಮ್ಮದು. "ಪೂರ್ತಿ ಹೋಯ್ತು ಕಣಪ್ಪ, ಏನೂ ಯೋಚ್ನೆ ಮಾಡ್ಬೇಡ, ನೀನೂ ಹೆಸರು ಬರ್ಸು" ಎಂದೆ. ನನ್ನ ಮಾತು ನಂಬಿ ಬರೆಸಿದ. ಬರುವ ತಿಂಗಳು ಹದಿನಾಲ್ಕಕ್ಕೆ ಯಾಸ್ಮಿನ್ ಸರದಿ.

ಹೋದ ತಿಂಗಳು ತಪಾಸಣೆಗೆ ಬಂದಾಗ ನಿಮ್ಮಲ್ಲಿ ಅದೇನೋ ಸಮ್ಮೇಳನ. ಬಾಗಿಲಲ್ಲೇ ಆ ಬ್ಯಾನರ್. 'ಮೆದುಳಿನಲ್ಲಿ ಬೆಳಕು' ಎಂಬ ತಲೆಬರಹ, ಕೆಳಗಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ೦೧೧. ಆಪರೇಷನ್ ದಿನ ಮಗಳ ಕೈಗೆ ಕಟ್ಟಿದ್ದ ಪಟ್ಟಿ ಇಂದಿಗೂ ನನ್ನ ಪರ್ಸಿನಲ್ಲಿದೆ. ತೆಗೆದು ಹೋಲಿಸಿ ನೋಡಿದೆ. ಅದೇ ಸಂಖ್ಯೆ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಗಣ್ಯರು ಕಾಫಿ ಹಿಡಿದು, ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಗೋಪ್ಯತೆ ಆಗ ಎಲ್ಲಿ ಕಾಫಿ ಕುಡಿಯಲು ಹೋಗಿತ್ತೋ! ಧನ್ಯಶ್ರೀಯನ್ನು ಎತ್ತಿಕೊಂಡು ನಿಂತಿದ್ದ ಅನುಪಮಾಳಿಗೆ ಕಾವಲುಗಾರ, "ಸೈಡ್‌ಗೆ ಬನ್ನಿ ಅಮ್ಮ, ಫೋಟೋ ತೆಗೀತಾವ್ರೆ" ಎಂದ. ಪಾಪ, ಅವನಿಗೇನು ಗೊತ್ತು. ನಾವು ಪಕ್ಕಕ್ಕೆ ಸರಿದೆವು.

ನಾನು ಓದಿದ್ದು ಪಿಯುಸಿ. ಆದರೆ ಕಣ್ಣಿದೆಯಲ್ಲ. ಆ ಚಿತ್ರದಲ್ಲಿ ಕೆಂಪು, ಹಳದಿ ಹರಡಿದ್ದು ಒಂದೇ ಪಕ್ಕದಲ್ಲಿ. ಇನ್ನೊಂದು ಪಕ್ಕ ಕಪ್ಪು. ನನ್ನ ಮಗಳ ಎಡಗೈ ಆರು ತಿಂಗಳಿಂದೀಚೆಗೆ ಹಿಡಿಯಲು ಕಲಿತಿದೆ, ಅಮ್ಮನ ಸೆರಗು ಸಿಕ್ಕರೆ ಬಿಡುವುದಿಲ್ಲ. ಬಲಗೈ ಮಾತ್ರ ಹಿಂಡಿಟ್ಟ ಬಟ್ಟೆಯಂತೆ ಬಿದ್ದಿರುತ್ತದೆ. ಎರಡು ರಂಧ್ರಗಳಲ್ಲಿ ಒಂದರ ಔಷಧಿ ಸೇರಬೇಕಾದಲ್ಲಿ ಸೇರಲಿಲ್ಲವೇ? ಬೇರೆಲ್ಲೋ ಸೋರಿತೇ? ಅಥವಾ ಬ್ಯಾನರ್ ಮಾಡಿದವನು ಚಂದ ಕಾಣಲೆಂದು ಒಂದು ಪಕ್ಕಕ್ಕೆ ಕಪ್ಪು ಬಳಿದನೇ? ನನ್ನ ಊಹೆ ತಪ್ಪಿರಬಹುದು. ತಪ್ಪಾದರೆ ತಪ್ಪೆಂದು ಹೇಳಲು ಅಷ್ಟು ದೊಡ್ಡ ಕಟ್ಟಡದಲ್ಲಿ ಒಬ್ಬರಿಗೂ ಹತ್ತು ನಿಮಿಷ ಬಿಡುವಿಲ್ಲವೇ? ಅಲ್ಲಿದ್ದ ಕಿರಿಯ ವೈದ್ಯೆಯೊಬ್ಬರನ್ನು ಕೇಳಿದೆ. "ಅದನ್ನ ನಾನು ಹೇಳೋ ಹಾಗಿಲ್ಲ ಸರ್" ಎಂದು ನೆಲ ನೋಡಿದರು. ಗೊತ್ತಿಲ್ಲ ಎನ್ನಲಿಲ್ಲ, ಗಮನಿಸಿ.

ಮೊನ್ನೆ ಮುನಾಫ್ ಮತ್ತು ಅವನ ಹೆಂಡತಿ ಮಹಮೂದಾ ಒಪ್ಪಿಗೆ ಪತ್ರ ಹಿಡಿದು ನಮ್ಮ ಮನೆಗೆ ಬಂದರು. "ದಯಾನಂದಣ್ಣ, ಈ ಇಂಗ್ಲಿಷೆಲ್ಲಾ ಬುಡು. ನೀನ್ ಹೂಂ ಅಂದ್ರೆ ಸೈನ್ ಹಾಕ್ತೀನಿ, ಬ್ಯಾಡ ಅಂದ್ರೆ ಬುಟ್ಬುಡ್ತೀನಿ" ಎಂದ ಮುನಾಫ್. ಮಹಮೂದಾ ಮೆಲ್ಲಗೆ, "ಒಂದೇ ಸಲ ಅಂತಾರಲ್ಲಣ್ಣ. ತಪ್ಪೋದ್ರೆ ಏನ್ ಮಾಡೋದು?" ಎಂದಳು. ಬೇಡ ಎನ್ನಲು ಬಾಯಿ ತೆರೆದೆ. ಆಗ ಧನ್ಯಶ್ರೀ ಎಡಗೈಯಲ್ಲಿ ನನ್ನ ಅಂಗಿ ಹಿಡಿದಿದ್ದಳು. ಆ ಹಿಡಿತ ಕೊಟ್ಟದ್ದು ನಿಮ್ಮ ಔಷಧಿಯೇ. ಅದು ಯಾಸ್ಮಿನ್‌ಗೆ ಬೇಡ ಎನ್ನಲು ನಾನ್ಯಾರು? ಹೂಂ ಎನ್ನೋಣವೆಂದರೆ ಬಲಗೈ ಕಣ್ಣ ಮುಂದೆಯೇ ಇತ್ತು. ಎರಡೂ ಹೇಳದೆ, ಟೀ ಕುಡಿಸಿ ಕಳಿಸಿದೆ. ಅವತ್ತಿನಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಆದ್ದರಿಂದ ಅಧ್ಯಕ್ಷರೇ, ನನಗೆ ಪರಿಹಾರ ಬೇಡ, ಕ್ಷಮಾಪಣೆ ಬೇಡ, ಬ್ಯಾನರಿನಿಂದ ಮಗಳನ್ನು ಇಳಿಸುವುದೂ ಬೇಡ. ಹದಿನಾಲ್ಕರೊಳಗೆ ಒಂದು ದಿನ ನಮ್ಮಿಬ್ಬರನ್ನೂ ಮುನಾಫ್, ಮಹಮೂದಾರನ್ನೂ ಆ ಚಿತ್ರದ ಮುಂದೆ ಕೂರಿಸಿ, ಬೆರಳಿಟ್ಟು, ಕನ್ನಡದಲ್ಲಿ ಹೇಳಿಸಿ: ಔಷಧಿ ಇಲ್ಲಿಗೆ ಮುಟ್ಟಿತು, ಇಲ್ಲಿಗೆ ಮುಟ್ಟಲಿಲ್ಲ, ಕಾರಣ ಇದು, ಯಾಸ್ಮಿನ್‌ಗೆ ಹೀಗಾಗದಂತೆ ಇಂಥದ್ದು ಮಾಡುತ್ತೇವೆ. ಧನ್ಯಶ್ರೀಯ ಬಲಗೈಗೆ ಇನ್ನೊಂದು ಅವಕಾಶವಿಲ್ಲವೆಂದು ನಮಗೆ ಗೊತ್ತು. ಅದು ಯಾಸ್ಮಿನ್‌ಳ ಎರಡು ಕೈಗಾದರೂ ಉಪಯೋಗಕ್ಕೆ ಬರಲಿ. ಹದಿಮೂರರ ಸಂಜೆಯವರೆಗೂ ನೀವು ಕರೆಯದಿದ್ದರೆ ನಾನೇ ಮುನಾಫ್‌ಗೆ ಫೋನ್ ಮಾಡಿ ಬೇಡ ಎನ್ನುತ್ತೇನೆ. ಆಗ ಆ ಮಗುವಿಗೆ ಸಿಗಬಹುದಾಗಿದ್ದ ಎಡಗೈಯನ್ನೂ ಕಿತ್ತುಕೊಂಡವರು ಯಾರೆಂಬುದನ್ನು ನಿಮ್ಮ ಸಮಿತಿಯೇ ಸಭೆ ಸೇರಿ ತೀರ್ಮಾನಿಸಲಿ.

ಇಂತಿ,
ಖಾಲಿ ಸಿರಿಂಜಿಗೆ ಕೈಮುಗಿದ,
ನಿಮ್ಮ ೦೧೧ರ ಅಪ್ಪ
ದಯಾನಂದ
ಮಾಯಸಂದ್ರ ಹೋಬಳಿ, ತುರುವೇಕೆರೆ ತಾಲ್ಲೂಕು