ಹದಿಮೂರರ ಸುಳ್ಳು, ಕತ್ತಲೆಯ ಪೆಟ್ಟಿಗೆ

ಫರ್ವರ್ದೀನ್ 8, ಮಧ್ಯಾಹ್ನ

ಮತ್ತೆ ಕಪಾಟಿನೊಳಗೆ ಕೂತು ರೆಕಾರ್ಡಿಂಗ್. ಅಪ್ಪನ ಕೋಟುಗಳ ನಡುವೆ ಧ್ವನಿ ಚೆನ್ನಾಗಿ ಬರುತ್ತದೆ, ನುಸಿಗುಳಿಗೆಯ ಘಾಟು ಮಾತ್ರ ಗಂಟಲಿಗೆ ಇಳಿಯುತ್ತದೆ. "ಸದ್ದು ಹೆಚ್ಚಿಸಿ" — ಆಯಿತು. "ಹಿಂದಕ್ಕೆ" — ಆಯಿತು. "ಬ್ಯಾಟರಿ ಮುಗಿಯುತ್ತಿದೆ, ಮಹಾಪ್ರಭು, ಪ್ರಜೆಗಳು ಕಂಗಾಲಾಗಿದ್ದಾರೆ" — ನಗು ತಡೆಯಲಾಗದೆ ಇದನ್ನು ಮತ್ತೆ ಮತ್ತೆ ಹೇಳಬೇಕಾಯಿತು. ಅಮ್ಮ ಬಾಗಿಲು ತೆರೆದಳು, ನೋಡಿದಳು, ಒಂದು ಮಾತೂ ಕೇಳದೆ ಮುಚ್ಚಿಕೊಂಡು ಹೋದಳು. ಈ ಮನೆಯಲ್ಲಿ ನನ್ನ ಕೀರ್ತಿ ಅಷ್ಟು ಗಟ್ಟಿ.

ಎಲ್ಲ ದಾಯಿ ಫರ್ರುಖ್‌ಗಾಗಿ. ಅಮ್ಮನ ಅಣ್ಣ, ಸೆತಾರ್ ಎಂಬ ತಂತಿವಾದ್ಯದ ಮೇಷ್ಟ್ರು. ಸಕ್ಕರೆ ಕಾಯಿಲೆ ಕಣ್ಣು ತಿಂದ ಮೇಲೆ ಅವರ ಮ್ಯೂಸಿಕ್ ಪ್ಲೇಯರಿನ ಮೆನು ಅವರಿಗೆ ಬರೀ ಗೋಡೆ. ಬೇಕಾದ ಪಾಠ ಸಿಗುವ ತನಕ ಒಂದೊಂದನ್ನೇ ದಾಟುತ್ತಾ ಕೂರುತ್ತಾರೆ. ಅದನ್ನು ಒಳಗಿಂದ ನಡೆಸುವ ಕಂಪನಿಯ ತಂತ್ರಾಂಶ, ಫರ್ಮ್‌ವೇರ್, ಅದರ ಬದಲು ಹವ್ಯಾಸಿಗಳು ಬರೆದದ್ದನ್ನು ಹಾಕಿದರೆ ಮೆನು ಬಾಯಿಬಿಟ್ಟು ಮಾತಾಡುತ್ತದೆ. ಬಾಯಿ ನನ್ನದು.

ಕೊಡುವಾಗ ದಾಯಿ ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿಕೊಂಡರು. "ಪೆಟ್ಟಿಗೆ ತಗೊಂಡು ಹೋಗು, ಇದು ಮಾತ್ರ ಕೊಡಲ್ಲ. ನಿನ್ನ ಕಿವೀಲಿ ಏನೇನು ವಾಸ ಮಾಡುತ್ತೋ." ಆಮೇಲೆ ಮೆತ್ತಗೆ: "ಉಸ್ತಾದರು ಇದರೊಳಗಿದ್ದಾರೆ ಕಣೇ ನೌಶೀನ್. ಹುಷಾರು."

ಗೊತ್ತು. ಉಸ್ತಾದರು ದಾಯಿಯ ಗುರು; ಅವರ ಪಾಠ ಬಾಯಿಂದ ಕಿವಿಗೆ ಬಂದದ್ದು, ಕಾಗದದ ಮೇಲೆ ಎಲ್ಲೂ ಇಲ್ಲ. ಒಬ್ಬ ಶಿಷ್ಯನಿಗೆ ಒಂದೇ ಪ್ರತಿ, ನಕಲು ಮಾಡಿದರೆ ಕಳ್ಳತನ — ಅವರ ಕಟ್ಟಳೆ. ಅವರು ಹೋದರು, ಕ್ಯಾಸೆಟ್‌ಗಳು ನೆಲಮಾಳಿಗೆಯ ನೀರಿನಲ್ಲಿ ಕೊಳೆತವು. ಉಳಿದಿರುವುದು ಈ ಪೆಟ್ಟಿಗೆಯೊಳಗೆ ಮಾತ್ರ. ನಕಲು ಮಾಡುವುದಿಲ್ಲ ಎಂದು ದಾಯಿ ನನ್ನಿಂದಲೂ ಮಾತು ತೆಗೆದುಕೊಂಡಿದ್ದಾರೆ.

ಫರ್ವರ್ದೀನ್ 9, ಸಂಜೆ

ಹಾಕಿದೆ. ಸೆಟ್ಟಿಂಗ್ಸ್ ಎಲ್ಲ ಕೈಯಾರೆ ಬರೆದೆ, ದಾಯಿಯ ಅನುಕೂಲಕ್ಕೆ. ಮೆನುವಿಗೆ ಸದಾ ಧ್ವನಿ ಇರಲಿ. ಪರದೆಯ ದೀಪ ಬ್ಯಾಟರಿ ತಿನ್ನದಿರಲಿ. ಪಾಠ ನಿಂತಲ್ಲಿಂದಲೇ ಮುಂದುವರಿಯಲಿ. ರಾಜ್ಯಭಾರ ಎಂದರೆ ಹೀಗಿರಬೇಕು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತಿದೆ.

ಲಾಂಛನ ಬಂತು. ಹೋಯಿತು. ಕತ್ತಲೆ.

ಮತ್ತೆ ಒತ್ತಿದೆ. ಲಾಂಛನ. ಕತ್ತಲೆ.

ಎರಡು ಗುಂಡಿ ಒಟ್ಟಿಗೆ ಹಿಡಿದರೆ ಸರಿಹೋಗುತ್ತದಂತೆ. ಹಿಡಿದೆ. ಹೆಬ್ಬೆರಳು ಜೋಮು ಹಿಡಿಯಿತು. ಲಾಂಛನ... ಕತ್ತಲೆ.

ತಮಾಷೆ ಬರೆಯಲು ಮನಸ್ಸಿಲ್ಲ.

ಫರ್ವರ್ದೀನ್ 10

ಬ್ಯಾಟರಿ ಪೂರ್ತಿ ಇಳಿಸಿದೆ, ಪೂರ್ತಿ ಏರಿಸಿದೆ. ಅದೇ. ಕೇಬಲ್ ಸಿಕ್ಕಿಸಿದರೆ ಕಂಪ್ಯೂಟರ್ ಅಪರಿಚಿತರನ್ನು ನೋಡುವ ಹಾಗೆ ಸುಮ್ಮನೆ ಕೂರುತ್ತದೆ. ರಿಪೇರಿ ಅಂಗಡಿಗಳಿಗೆಲ್ಲ ಹೊಸವರ್ಷದ ನೌರೂಜ್ ರಜೆ, ಶಟರು ಎಳೆದಿವೆ. ಒಬ್ಬ ಫೋನ್ ಎತ್ತಿದ; ತಿಂಗಳ ಹದಿಮೂರು ಕಳೆಯಲಿ ಖಾನುಮ್, ಎಂದು ಇಟ್ಟ.

ಪಕ್ಕದ ಓಣಿಯ ಸೊರೂಶ್ ಹತ್ತಿರ ಒಯ್ದೆ. ಕಂಪ್ಯೂಟರ್ ಓದುತ್ತಿದ್ದಾನೆ, ಎರಡು ಕನ್ನಡಕ ಇಟ್ಟುಕೊಂಡಿದ್ದಾನೆ. ಗುಂಡಿ ಒತ್ತಿದ, ಪರದೆ ನೋಡಿದ, ತೀರ್ಪು ಕೊಟ್ಟ.

"ಸತ್ತಿದೆ. ಮೂಲ ಸ್ಥಿತಿಗೆ ತಂದ್ಬಿಡು, ಹೊಸದರ ಥರ ಆಗುತ್ತೆ."

"ಒಳಗಿರೋದು?"

"ಹೊಸದರೊಳಗೆ ಏನಿರುತ್ತೆ?"

ಯಾವ್ಯಾವುದೋ ಗುಂಡಿಗಳನ್ನು ಹಿಡಿದು, ಅದನ್ನು ಅವನ ಕಂಪ್ಯೂಟರಿಗೆ ಕಾಣುವ ಹಾಗೆ ಮಾಡಿದ. ಪ್ರಶ್ನೆ ಬಂತು: ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ? ಸೊರೂಶ್ ಕೈ ಆಗಲೇ ಮೌಸ್ ಮೇಲಿತ್ತು. ಕೇಬಲ್ ಕಿತ್ತುಕೊಂಡು ಓಡಿದೆ. ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಸಂಜೆ ದಾಯಿಯ ಫೋನ್. ಪೆಟ್ಟಿಗೆ ಹೇಗಿದೆಯಂತೆ. ಗಂಟಲು ಕಟ್ಟಿದೆ, ರೆಕಾರ್ಡಿಂಗ್ ಬಾಕಿ ಇದೆ ಎಂದೆ. ಸುಳ್ಳು ಹೇಳುವುದು ನನಗೆ ಯಾವತ್ತೂ ಇಷ್ಟು ಕಷ್ಟವಾಗಿರಲಿಲ್ಲ. ರಜೆ ಮುಗಿದ ಮಾರನೆಯ ದಿನವೇ ಶಿಷ್ಯರು ಬರುತ್ತಾರೆ, ಅವರಿಗೊಂದು ಹಳೆಯ ಪಾಠ ಹೇಳಿಕೊಡಬೇಕು ಎಂದು ಫೋನಿನಲ್ಲೇ ಗುನುಗಿದರು. ಮೇಲಕ್ಕೆ ಹತ್ತಿತು, ತಿರುಗಿತು... ನಿಂತಿತು. ಮತ್ತೆ ಮೊದಲಿಂದ. ಅಲ್ಲಿಗೇ ಬಂದು ನಿಂತಿತು.

"ಇಲ್ಲೇ ಮರೆತುಹೋಗುತ್ತೆ ನೋಡು. ಇರಲಿ ಬಿಡು, ಪೆಟ್ಟಿಗೆ ಬಂದ ಮೇಲೆ ಉಸ್ತಾದರನ್ನೇ ಕೇಳ್ತೀನಿ."

ಫರ್ವರ್ದೀನ್ 12

ಅಮ್ಮನಿಗೆ ಹೇಳಿಬಿಟ್ಟೆ. ಎಲ್ಲವನ್ನೂ.

ಅಮ್ಮ ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ನಕ್ಕಳು. "ನಾಳೆಗೆ ಇಟ್ಕೊಳ್ಳೇ ಹುಡುಗಿ, ಇವತ್ತೇ ಯಾಕೆ ಖರ್ಚು ಮಾಡ್ತೀಯ?"

ನಾಳೆ ಹದಿಮೂರು. ಊರೆಲ್ಲ ತೋಟಗಳಿಗೆ ಹೋಗುವ ದಿನ, ಊರೆಲ್ಲ ತಮಾಷೆಗೆ ಸುಳ್ಳು ಹೇಳುವ ದಿನ. ಹೋದ ವರ್ಷ ಇದೇ ಹದಿಮೂರಕ್ಕೆ ಘನಗಂಭೀರ ಗಂಡುದನಿ ಮಾಡಿ ದಾಯಿಗೆ ಫೋನ್ ಮಾಡಿದ್ದೆ — ಹಿರಿಯ ಕಲಾವಿದರಿಗೆ ಸರ್ಕಾರ ಒಂದೊಂದು ಕುರಿ ಕೊಡುತ್ತಿದೆ, ಹಗ್ಗ ಹಿಡಿದು ಬಾಗಿಲಲ್ಲಿ ಕಾಯತಕ್ಕದ್ದು. ಕಾದರು. ಹಗ್ಗ ಹಿಡಿದು, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು.

ಇದು ಸುಳ್ಳಲ್ಲ ಎಂದೆ. ಅತ್ತೆ. ಅಮ್ಮ ಮೆಚ್ಚಿಕೊಂಡಳು: "ಈ ಸಲ ಕಣ್ಣೀರೂ ತರಿಸ್ತೀಯಲ್ಲ!" ಆಮೇಲೆ ದಾಯಿಗೆ ಫೋನ್ ಮಾಡಿ, ಎಚ್ಚರ, ನಿನ್ನ ಸೋದರ ಸೊಸೆ ಈ ವರ್ಷ ಪ್ಲೇಯರ್ ಸಾಯಿಸಿದ್ದಾಳೆ ಎಂದಳು. ಆ ಕಡೆಯ ನಗು ನನಗೂ ಕೇಳಿಸಿತು.

ನಾನೇ ಕಟ್ಟಿದ ಸುಳ್ಳಿನ ಗೋಡೆ, ನಾನೇ ಹೊರಗೆ ನಿಂತಿದ್ದೇನೆ.

ಫರ್ವರ್ದೀನ್ 13, ತೋಟದಿಂದ ವಾಪಸು, ಕಾರಿನಲ್ಲಿ

ಶೀರಾಜ್‌ಗೆ ಹಿಂತಿರುಗುವ ದಾರಿಯಲ್ಲಿ ಕಾರುಗಳು ಅಂಟಿಕೊಂಡು ನಿಂತಿವೆ. ಬರೆಯಲು ಸಮಯ ಬೇಕಾದಷ್ಟಿದೆ.

ಹಬ್ಬಕ್ಕೆ ತಟ್ಟೆಯಲ್ಲಿ ಬೆಳೆಸಿದ ಮೊಳಕೆಯನ್ನು ವಾಡಿಕೆಯಂತೆ ಕಾಲುವೆಗೆ ಎಸೆದದ್ದಾಯಿತು. ಬಾದಾಮಿ ಮರದ ಕೆಳಗೆ ಜಮಖಾನೆ, ಪಾತ್ರೆಯಲ್ಲಿ ಸೊಪ್ಪು-ಕಾಳಿನ ಆಶ್ ಕುದಿಯುತ್ತಿತ್ತು. ದಾಯಿ ಲೆಟ್ಯೂಸ್ ಎಲೆಯನ್ನು ಸಿಹಿ-ಹುಳಿ ಪಾಕದಲ್ಲಿ ಅದ್ದಿ ತಿಂದು, ಬೆರಳು ಒರೆಸಿಕೊಂಡು ಕೈ ಚಾಚಿದರು. "ಸಾಕು ಮಹಾರಾಣಿ. ಕೊಡು ಇನ್ನು."

ಕೊಟ್ಟೆ. ದಾಯಿ, ನಿಜವಾಗಿಯೂ ಸತ್ತಿದೆ ಎಂದೆ. ಇಡೀ ಜಮಖಾನೆ ನಕ್ಕಿತು.

ಅವರು ಜೇಬಿನಿಂದ ಇಯರ್‌ಫೋನ್ ತೆಗೆದು ಸಿಕ್ಕಿಸಿ, ಗುಂಡಿ ಒತ್ತಿದರು. ನಾನು ಪರದೆ ನೋಡುತ್ತಿದ್ದೆ. ಲಾಂಛನ. ಕತ್ತಲೆ. ದಾಯಿ ಅಲ್ಲಾಡಲಿಲ್ಲ. ಹೆಬ್ಬೆರಳು ಒಂದೆರಡು ಸಲ ಆಡಿತು, ನಿಂತಿತು. ನಗು ಒಬ್ಬೊಬ್ಬರದೇ ಆರಿತು. ಅಮ್ಮನ ಸೌಟು ಗಾಳಿಯಲ್ಲೇ ಉಳಿಯಿತು.

ತುಂಬ ಹೊತ್ತಾದ ಮೇಲೆ ಇಯರ್‌ಫೋನ್ ಕಳಚಿ, ವಯರನ್ನು ಬೆರಳಿಗೆ ಸುತ್ತಿಕೊಂಡರು.

"ಹುಡುಗಿ ನಿಜ ಹೇಳ್ತಿದ್ದಾಳೆ. ಉಸ್ತಾದರು ಹೋದರು."

ಆಮೇಲೆ ಮರ ಹಿಡಿದುಕೊಂಡು ಎದ್ದು, ಆಚೆ ಹೋಗಿ ಒಬ್ಬರೇ ಕೂತರು. ನನ್ನನ್ನು ಯಾರೂ ಬೈಯಲಿಲ್ಲ. ಯಾರೂ ನನ್ನ ಕಡೆ ನೋಡಲೂ ಇಲ್ಲ. ಕಾಲುವೆ ಪಕ್ಕ ಕೂತು ಹುಲ್ಲು ಕಿತ್ತೆ. ಈ ದಿನ ಹರಕೆ ಹೊತ್ತು ಗಂಟು ಹಾಕಬೇಕಾದ ಹುಲ್ಲು.

ಈಗ ಹಿಂದಿನ ಸೀಟಿನಲ್ಲಿ ಅವರ ಪಕ್ಕ ಕೂತಿದ್ದೇನೆ. ಸೂರ್ಯ ಇಳಿದಿದ್ದಾನೆ, ಅಕ್ಷರ ಇನ್ನೂ ಕಾಣುತ್ತಿದೆ. ದಾಯಿ ಕಿಟಕಿಯತ್ತ ಮುಖ ಮಾಡಿದ್ದಾರೆ. ಗುನುಗುತ್ತಿದ್ದಾರೆ. ಅದೇ ಪಾಠ. ಪಾಪ, ನೆನಪಿನಿಂದಲೇ ಎಳೆಯುತ್ತಿದ್ದಾರೆ. ಮೇಲಕ್ಕೆ ಹತ್ತಿತು. ತಿರುಗಿತು. ನಿಲ್ಲುವ ಜಾಗ ಬಂತು —

ನಿಲ್ಲಲಿಲ್ಲ.

ದಾಟಿತು. ಸಲೀಸಾಗಿ, ಸಣ್ಣ ಸಣ್ಣ ಮೆಟ್ಟಿಲು ಇಳಿದ ಹಾಗೆ, ಕೊನೆಯವರೆಗೂ.

ಬಗ್ಗಿ ನೋಡಿದೆ. ಕಿಟಕಿ ಕಡೆಯ ಕಿವಿಯಲ್ಲಿ ಇಯರ್‌ಫೋನ್.

"ಪ್ರಜೆಗಳು ಕಂಗಾಲಾಗಿದ್ದಾರೋ?" ಎಂದರು, ಮುಖ ತಿರುಗಿಸದೆ. ತುಟಿ ಅದುರುತ್ತಿತ್ತು. "ಕುರಿ ಇನ್ನೂ ಬಂದಿಲ್ಲ ಕಣೇ. ಹಗ್ಗ ಹಾಗೇ ಇದೆ."

ಮುಂದಿನ ಸೀಟಿನಲ್ಲಿ ಅಮ್ಮನ ಭುಜ ಕುಣಿಯುತ್ತಿದೆ. ಅವಳಿಗೆ ಯಾವಾಗ ಗೊತ್ತಾಯಿತೋ!

ಪರದೆಯ ದೀಪ. ನಾನೇ ಆರಿಸಿದ್ದು, ಬ್ಯಾಟರಿ ಉಳಿಸಲು. ಪೆಟ್ಟಿಗೆ ಮೊದಲ ದಿನದಿಂದಲೂ ಬದುಕಿತ್ತು. ನಾನು ನೋಡಿದೆ, ಸೊರೂಶ್ ನೋಡಿದ, ಒಬ್ಬರೂ ಕಿವಿಗಿಟ್ಟುಕೊಳ್ಳಲಿಲ್ಲ. ಕೇಬಲ್ ಸಿಕ್ಕಿಸಿದಾಗಲೆಲ್ಲ ಒಳಗಿಂದ ನನ್ನದೇ ದನಿ, "ಕಂಪ್ಯೂಟರಿಗೆ ಸೇರಿಸಲೇ, ಮಹಾಪ್ರಭು?" ಎಂದು ಕೇಳಿ, ಉತ್ತರಕ್ಕೆ ಕಾಯುತ್ತಾ ಕೂತಿತ್ತು. ಸೊರೂಶ್‌ನ ಒಂದು ಕ್ಲಿಕ್ಕಿನಲ್ಲಿ ಎಲ್ಲ ಅಳಿಸಿಹೋಗುತ್ತಿತ್ತು.

ನಗುತ್ತಲೂ ಇದ್ದೇನೆ, ಅಳುತ್ತಲೂ ಇದ್ದೇನೆ.

ದಾಯಿ ಇನ್ನೊಂದು ಕಿವಿಯದನ್ನು ನನ್ನ ಕಡೆ ಚಾಚಿದ್ದಾರೆ. "ಕಿವಿ ಒರೆಸ್ಕೊಂಡು ಹಾಕ್ಕೋ."

ಒರೆಸಿಕೊಂಡೆ. ಉಸ್ತಾದರು ಕೆಮ್ಮಿದರು. ಒಂದು ತಂತಿ ಬಿಗಿಮಾಡಿದರು, ಸ್ವಲ್ಪ ಸಡಿಲಿಸಿದರು, ಈಗ ಶುರು