ಕೆಪ್ಪಟರಾಯ ನಮ್ಮ ಹಟ್ಟಿಗೆ ಬರಲಿಲ್ಲ

ಬಿಂಡಿಗನವಿಲೆ ಹೋಬಳಿ,
ನಮ್ಮ ಹಟ್ಟಿಯಿಂದ
೧೯–೨–೧೯೨೮

ಜೀವದ ಗೆಳೆಯ ಕರಿಯಪ್ಪನಿಗೆ ಮಂಚಯ್ಯನ ನಮಸ್ಕಾರ.

ಚಿನ್ನದ ಗಣಿಯಿಂದ ನೀನು ಬರೆಸಿದ ಎರಡು ಕಾಗದವೂ ಬಂದವು. ಉತ್ತರ ಬರೆಯಲಿಲ್ಲ, ತಪ್ಪಾಯಿತು. ಮೂರು ಸಲ ಬರೆಯಲು ಕೂತೆ. 'ಇತ್ತ ಎಲ್ಲರೂ ಕ್ಷೇಮ' ಅನ್ನುವ ಮೊದಲ ಸಾಲು ದಾಟಲಾಗದೆ ಮೂರು ಸಲವೂ ಎದ್ದೆ. ಇವತ್ತು ಆ ಸಾಲನ್ನು ಬಿಟ್ಟೇ ಬರೆಯುತ್ತಿದ್ದೇನೆ.

'ಮಗ ಎಂಗದೆ' ಅಂತ ಎರಡರಲ್ಲೂ ಕೇಳಿದ್ದೀಯೆ. ನಿನ್ನ ಮಗಳು ಚಿಕ್ಕತಾಯಿ ಇಲ್ಲ ಕಣಯ್ಯ. ಸಂಕ್ರಾಂತಿ ಕಳೆದ ಎಂಟನೇ ದಿನ ಹೋದಳು. ಅವಳಮ್ಮ ತೀರಿಕೊಂಡ ಮೇಲೆ ನೀನು ಗಣಿಗೆ ಹೊರಟಾಗ, 'ಅವ್ವಂಗೆ ಕಣ್ಣು ಮಂಜು, ನೀನೇ ನೋಡ್ಕೊಳ್ಳಲಾ ಮಂಚ' ಅಂದಿದ್ದೆ. ನಾನು ನೋಡಿಕೊಂಡದ್ದು ಹೀಗೆ.

ಅವಳ ಎಡಗಿವಿ ಸೋರುತ್ತಿದ್ದುದು ನಿನಗೆ ಗೊತ್ತು. ನಿನ್ನವ್ವ ಬೆಚ್ಚಗಿನ ಎಣ್ಣೆ ಬಿಡುತ್ತಿದ್ದರು, ನಿಲ್ಲುತ್ತಿತ್ತು, ಮತ್ತೆ ಸೋರುತ್ತಿತ್ತು. ಸಂಕ್ರಾಂತಿ ದಿನ ಸೋರುವುದು ನಿಂತು ಜ್ವರ ಬಂತು. ಕಿವಿಯ ಹಿಂದೆ ಹುಣಸೆಬೀಜದಷ್ಟು ಗಂಟು. ಮಾರನೆಯ ದಿನಕ್ಕೆ ನೆಲ್ಲಿಕಾಯಿ ಗಾತ್ರ. ಕಿವಿ ಮುಂದಕ್ಕೆ ಬಾಗಿ ನಿಂತಿತು. 'ನಾನು ಮೊಲ ಆಗ್ಬುಟ್ಟೆ ನೋಡಜ್ಜಿ' ಅಂತ ನಕ್ಕಳು. ಆ ಜ್ವರದಲ್ಲೂ ನಕ್ಕಳು.

ಅದೇ ವಾರ ಪಟೇಲ ಅಂದಾನಯ್ಯನವರ ಮಗಳು ಸರಸಮ್ಮನಿಗೂ ಕಿವಿಯ ಬುಡ ಊದಿತು. ಅವರ ಮನೆಯಲ್ಲಿ ಮಂಗನಬಾವಿಗೆ ಮರ್ಯಾದೆ ಕೊಟ್ಟು 'ಕೆಪ್ಪಟರಾಯ ಬಂದವ್ನೆ' ಅಂದರು. ಕಾವಿ ಹಚ್ಚಿ, ಗಂಜಿ ಕುಡಿಸಿ, ನಡುಮನೆಯಲ್ಲಿ ಕಂಬಳಿ ಹೊದಿಸಿ ಮಲಗಿಸಿದರು. ವಾರಕ್ಕೆ ಊತ ಇಳಿಯಿತು. ಇಳಿಯಲಿ, ಆ ಕೂಸಿನ ಮೇಲೆ ನನಗೇನು ಹಗೆ? ಆದರೆ ನಮ್ಮ ಕೂಸಿನ ಊತಕ್ಕೆ ಗಡ್ಡೆ ಅಂದರು. ಪ್ಲೇಗಿನ ಗಡ್ಡೆ! ಪಕ್ಕದೂರಿನಲ್ಲಿ ಪ್ಲೇಗು ನಾಲ್ಕು ಜನರನ್ನು ತಿಂದಿತ್ತು, ನಿಜ. ಹೆದರಿಕೆ ಎಲ್ಲರಿಗೂ ಇತ್ತು. ಆದರೆ ಉಳ್ಳವರ ಮನೆಗೆ ಬಂದರೆ ರಾಯ, ನಮ್ಮ ಹಟ್ಟಿಗೆ ಬಂದರೆ ಮಾರಿ. ಕಾಯಿಲೆಗೂ ಜಾತಿ ಕಟ್ಟಿದ ಊರು ಕಣಯ್ಯ ಇದು.

ಮೂರನೇ ದಿನ ಸುದ್ದಿ ಪಟೇಲರಿಗೆ ಮುಟ್ಟಿತು. ನಾಲ್ಕು ಆಳುಗಳನ್ನು ಕಟ್ಟಿಕೊಂಡು ಬಂದು ಹಟ್ಟಿಯ ಬೇವಿನ ಮರದ ಹತ್ತಿರವೇ ನಿಂತರು. 'ಗುಡ್ಲು ಕಿತ್ತು ಬೆಂಕಿ ಆಕ್ರಲಾ. ಮಗೀನ ಕೆರೆ ಆಚೆ ಸಾಗ್ಸಿ' ಅಂದರು.

ನಿನ್ನವ್ವ ಕೈ ಮುಗಿದರು. 'ಬುದ್ಧೀ, ನಿಮ್ಮ ಮಗೀಗೂ ಇಂಗೇ ಊದ್ಕಂಡದಂತಲ್ಲ. ನಿಮ್ಮ ಗಾಡೀಲಿ ಒಂದ್ಸಲ ನಾಗಮಂಗ್ಲುಕ್ಕೆ ಕಳ್ಸಿ, ಡಾಕ್ಟ್ರು ನೋಡ್ಲಿ.'

'ಏಯ್ ಚಿಕ್ಕಬೋರಿ, ನಮ್ಮನೇದೂ ನಿಮ್ಮ ಹಟ್ಟೀದೂ ಒಂದೇ ಏನಮ್ಮಿ? ನಾಲಿಗೆ ಉದ್ದ ಆಗದೆ ನಿಂದು.'

ಆ ಮಾತಿಗೆ ಆಳುಗಳು ನಕ್ಕರು. ಅವರಲ್ಲಿ ಇಬ್ಬರು ನಮ್ಮವರೇ, ಅದನ್ನೂ ಬರೆದಿಡುತ್ತೇನೆ. ನಿನ್ನ ಗುಡಿಸಲು ಉರಿಯಿತು. ಕೆರೆಯಾಚೆ ತೆಂಗಿನ ಗರಿ ಹೊದಿಸಿದ ಒಂದು ಗೂಡು ಹಾಕಿದರು. ಅಜ್ಜಿ ಮೊಮ್ಮಗಳು ಅಲ್ಲಿ ಬಿದ್ದುಕೊಂಡರು. ಮಾಗಿಯ ಚಳಿ. ದಿನಾ ಅಂಬಲಿ ಹೊತ್ತುಕೊಂಡು ನಾನು ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಚಿಕ್ಕತಾಯಿ ಕೇಳಿದಳು:

'ಮಂಚಣ್ಣಯ್ಯ, ಸರಸಮ್ಮಾರ್ನೂ ಯಾಕೆ ಇಲ್ಲಿಗೆ ಕರ್ಕೊಂಡ್ಬರಲಿಲ್ಲ? ಇಬ್ರೂ ಗಜ್ಜುಗ ಆಡ್ತಿದ್ದೋ.'

'ಅವ್ರಿಗೆ ಬಂದಿರೋದು ಕೆಪ್ಪಟರಾಯ ಕಣವ್ವ.'

'ಆ ರಾಯ ನಂಗೂ ಬರಬೇಕಾದ್ರೆ ಏನ್ಮಾಡ್ಬೇಕು?'

ನಾನು ಅಂಬಲಿಯ ಬಟ್ಟಲನ್ನು ಅವಳ ಬಾಯಿಗೆ ಹಿಡಿದೆ. ನೀನು ಅಲ್ಲಿದ್ದಿದ್ದರೆ ಏನು ಹೇಳುತ್ತಿದ್ದೆ?

ಎಂಟನೇ ದಿನ ಬೆಳಗಾಗುವಾಗ ಉಸಿರು ನಿಂತಿತು. ಪ್ಲೇಗಿನ ವರದಿ ಹೋಗಿದ್ದರಿಂದ ನಾಗಮಂಗಲದಿಂದ ಡಾಕ್ಟರು ಬಂದರು, ಬಂದದ್ದು ಹೊತ್ತು ಏರಿದ ಮೇಲೆ. ವಯಸ್ಸಾದವರು. ಯಾರೂ ಮುಟ್ಟದ ಕೂಸನ್ನು ಮಂಡಿಯೂರಿ ಕೂತು ಮುಟ್ಟಿದರು. ಕಂಕುಳು ನೋಡಿದರು, ತೊಡೆಸಂದು ನೋಡಿದರು, ಕಿವಿಯೊಳಗೆ ನೋಡಿದರು. ಆಮೇಲೆ ದೂರದಲ್ಲಿ ನಿಂತಿದ್ದ ಪಟೇಲರ ಕಡೆ ತಿರುಗಿ, 'ಕಿವಿ ಹಿಂದೆ ಗಂಟು ಬಂದರೆಲ್ಲ ಪ್ಲೇಗೇನ್ರೀ? ತಲೆಯಲ್ಲಿ ಹುಣ್ಣಾದರೆ ಬರುತ್ತೆ. ಹೇನು ಕಡಿದು ಕೆರೆದುಕೊಂಡರೆ ಬರುತ್ತೆ. ಚುಚ್ಚಿದ ಕಿವಿ ಕೀವಾದರೂ ಬರುತ್ತೆ. ಕೆಲವರಿಗೆ ಬರೀ ಕೊಬ್ಬಿನ ಗಂಟು, ಸಾಯೋವರೆಗೂ ಏನೂ ಮಾಡಲ್ಲ. ಇವಳದು ಸೋರೋ ಕಿವಿಯ ಕೀವು, ಹಿಂದಿನ ಮೂಳೆಗೆ ಇಳಿದಿದೆ. ಜ್ವರ ಬಂದಾಗಲೇ ಗಾಡೀಲಿ ಕಳಿಸಿದ್ದರೆ ಕೊಯ್ದು ತೆಗೆದು ನೋಡಬಹುದಿತ್ತು' ಅಂದರು.

ಪಟೇಲರು 'ಎಲ್ಲಾ ಅವರವರ ಹಣೆಬರ' ಅಂದರು. ಹಣೆಬರಹವಂತೆ! ಎರಡು ಗಾಡಿ ಅವರ ಕೊಟ್ಟಿಗೆಯಲ್ಲೇ ನಿಂತಿದ್ದವು. ಎತ್ತು ಮೆಲುಕು ಹಾಕುತ್ತಿದ್ದವು. ಅದನ್ನು ಯಾವ ಬ್ರಹ್ಮನೂ ಬರೆದಿರಲಿಲ್ಲ.

ನಿನ್ನವ್ವ ಈಗ ನನ್ನ ಮನೆಯಲ್ಲಿದ್ದಾರೆ. ಕಣ್ಣು ಕಾಣದಿದ್ದರೂ ಮುದ್ದೆ ತಾವೇ ಕಟ್ಟುತ್ತಾರೆ. ಮೊದಲ ಮುದ್ದೆ ನನಗೇ ಇಕ್ಕುತ್ತಾರೆ, 'ನೀನಿಲ್ದಿದ್ರೆ ಆ ಮಗ ಅಂಬ್ಲೀನೂ ಕಾಣದಂಗೆ ಸಾಯ್ತಿತ್ತು ಕಣಪ್ಪ' ಅನ್ನುತ್ತಾರೆ. ಅವರ ಚಿಂತೆ ಬಿಡು, ಅವರು ಇರುವ ತನಕ ನನ್ನ ತಾಯಿ.

ನಿನ್ನ ಮೈ ಗಟ್ಟಿಯಾಗಿರಲಿ ಕರಿಯಪ್ಪ. ಭೂಮಿಯೊಳಗೆ ಇಳಿದ ಪ್ರತಿ ದಿನವೂ ಮೇಲಕ್ಕೆ ಬರುವಂತಾಗಲಿ. ಹಟ್ಟಿಯ ತಾಯಿ ಮಾರವ್ವ ನಿನ್ನನ್ನು ಕಾಯಲಿ.

ಇಂತಿ ನಿನ್ನವನೇ ಆದ
ಮಂಚಯ್ಯ

ತಾ. ಕ.: ಈ ಕಾಗದ ಓದಿ ಹೇಳುತ್ತಿರುವ ಅಣ್ಣನೋ ಸ್ವಾಮಿಯೋ, ದಯವಿಟ್ಟು ಇದನ್ನೂ ಓದಿ, ಬಿಡಬೇಡಿ. ಕರಿಯಪ್ಪ, ಪಟೇಲರಿಗೆ ಸುದ್ದಿ ಮುಟ್ಟಿತು ಅಂತ ಮೇಲೆ ಬರೆದಿದ್ದೇನೆ. ಮುಟ್ಟಿಸಿದವನು ನಾನು. ಹಟ್ಟಿಗೆಲ್ಲ ಅಕ್ಷರ ಬಲ್ಲವನು ನಾನೊಬ್ಬನೇ ಅಲ್ಲವೇ? ಚಾವಡಿ ಗೋಡೆಗೆ ಹಚ್ಚಿದ್ದ ಸರ್ಕಾರದ ಕಾಗದದಲ್ಲಿ 'ಗಡ್ಡೆ ಕಂಡರೆ ಕೂಡಲೇ ತಿಳಿಸತಕ್ಕದ್ದು' ಅಂತ ಇತ್ತು. ಅಷ್ಟನ್ನೇ ಓದಿ ಓಡಿದೆ. ಡಾಕ್ಟರು ಹೋದ ಮೇಲೆ ಪೂರ್ತಿ ಓದಿದೆ. ಕಂಕುಳು, ತೊಡೆಸಂದು, ಕುತ್ತಿಗೆ ಅಂತಿದೆ. ಕಿವಿಯ ಹಿಂದೆ ಅಂತ ಎಲ್ಲೂ ಇಲ್ಲ. ನಿನ್ನವ್ವನಿಗೆ ಇನ್ನೂ ಹೇಳಿಲ್ಲ. ಅದಕ್ಕಿಂತ ಹೇಳಲಾರದ್ದು ಇನ್ನೊಂದಿದೆ. ಆವತ್ತು ಪಟೇಲರು ಜಗಲಿಯಿಂದ ಎದ್ದು ಬಂದು, ಎಲ್ಲರ ಎದುರಿಗೆ, 'ಓದ್ದೋನು ಅಂದ್ರೆ ನೀನು ಕಣ್ಲಾ ಮಂಚಯ್ಯ' ಅಂದರು. ಅಯ್ಯ ಅಂತ ಸೇರಿಸಿ ಕರೆದರು. ನನಗೆ ಸಂತೋಷವಾಯಿತು ಕರಿಯಪ್ಪ.